ಅರ್ಧ ಕ್ಷಣ ತಡವಾಗಿ ಹಾಡಿದವಳು

ಆ ಭಾನುವಾರ ಬೆಳಗಿನ ಪ್ರಾರ್ಥನೆಯಲ್ಲಿ ಐಡೆಲ್ಲಾ ಪ್ರೂಯಿಟ್ ಒಂದು ಸ್ವರವನ್ನು ಅರ್ಧ ಕ್ಷಣ ತಡವಾಗಿ ಹಾಡಿದಳು. ಕೊಲೆ ಮಾಡಲಿಲ್ಲ, ಕದಿಯಲಿಲ್ಲ. ಚರ್ಚಿನ ಹಾಡುಗಾರರ ತಂಡವಾದ ಕ್ವಾಯರಿನ ಉಳಿದ ಹದಿನೇಳು ಮಂದಿ ಹಾಡಿ ಬಾಯಿ ಮುಚ್ಚಿದ ಮೇಲೆ, ಭರ್ಜರಿ ಊಟ ಮಾಡಿ ಕುರ್ಚಿಯಿಂದ ಏಳುವವಳ ಹಾಗೆ ನಿಧಾನವಾಗಿ ತನ್ನ ಸ್ವರವನ್ನು ತಂದಿಟ್ಟಳು, ಅಷ್ಟೆ. ಅಷ್ಟಕ್ಕೇ ಮೊದಲ ಬೆಂಚಿನಲ್ಲಿ ಟಾಲಿವರಮ್ಮನ ಬೀಸಣಿಗೆ ನಿಂತಿತು.

ದಕ್ಷಿಣ ಶಿಕಾಗೊದ ಆ ಚರ್ಚಿನಲ್ಲಿ ಟಾಲಿವರಮ್ಮನ ಬೀಸಣಿಗೆ ನಿಂತರೆ ಗಾಳಿಗೂ ಬೀಸಲು ಧೈರ್ಯ ಬರುತ್ತಿರಲಿಲ್ಲ. ಹಿರಿಯಮ್ಮಂದಿರ ಮಂಡಲಿಗೆ ಅವಳೇ ಮುಖ್ಯಸ್ಥೆ, ಐಡೆಲ್ಲಾ ಬಾಡಿಗೆಗಿದ್ದ ಮನೆಗೂ ಅವಳೇ ಒಡತಿ. ಪಾದ್ರಿಗಳು ಕೂಡ ಉಪದೇಶದ ಮಧ್ಯೆ ಅವಳ ಮುಖ ನೋಡಿಕೊಂಡೇ ಮುಂದಿನ ವಾಕ್ಯ ಆರಿಸಿಕೊಳ್ಳುತ್ತಿದ್ದರು.

ಪ್ರಾರ್ಥನೆ ಮುಗಿದದ್ದೇ ತಡ, ಐಡೆಲ್ಲಾಳನ್ನು ಕೆಳಗಿನ ಅಡುಗೆಮನೆಗೆ ಕರೆಸಿದರು. ಬಿಳಿ ಟೋಪಿ ಹಾಕಿದ ಐದು ಮಂದಿ ಹಿರಿಯಮ್ಮಂದಿರು ಸಾಲಾಗಿ ಕೂತಿದ್ದರು.

"ಐಡೆಲ್ಲಾ," ಟಾಲಿವರಮ್ಮ ಶುರುಮಾಡಿದಳು, "ಹೀಗೆ ತಾಳ ಬಿಟ್ಟು ಹಿಂದಿನಿಂದ ಬರೋಳು ಈ ಊರಲ್ಲಿ ಒಬ್ಬಳೇ ಇದಾಳೆ. ಆ ರೇಡಿಯೋದ ಲೋಲಾ ಡೆಲ್ಮಾರ್."

"ಯಾರಮ್ಮ ಅವಳು?" ಎಂದಳು ಐಡೆಲ್ಲಾ.

"ನಾಟಕ ಆಡ್ಬೇಡ. ಭಾನುವಾರ ನಾಲ್ಕು ಗಂಟೆಗೆ ಅವಳು ಹಾಡ್ತಾಳೆ. ಭಾನುವಾರ ನಾಲ್ಕು ಗಂಟೆಗೆ ನೀನು ಮನೇಲಿರಲ್ಲ. ಹದಿಮೂರು ವಾರದಿಂದ ನೋಡ್ತಿದೀನಿ."

"ನೀವು ಅವಳ ಹಾಡು ಹದಿಮೂರು ವಾರದಿಂದ ಕೇಳ್ತಿದೀರಾ?"

ಟಾಲಿವರಮ್ಮ ಟೋಪಿ ಸರಿಮಾಡಿಕೊಂಡಳು. "ಪಕ್ಕದ ಮನೆಯೋರ ಕಿಟಕಿ ತೆಗೆದಿರುತ್ತೆ. ಕಿವಿಗೇನು ಬಾಗಿಲು ಇರುತ್ತೇನೇ?"

ನಿಜ ಹೇಳಿಬಿಡುತ್ತೇನೆ: ಲೋಲಾ ಡೆಲ್ಮಾರ್ ಎಂದರೆ ಐಡೆಲ್ಲಾಳೇ. ವಾರವಿಡೀ ಲಾಂಡ್ರಿಯಲ್ಲಿ ಪರರ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದ ಹೆಂಗಸು, ಭಾನುವಾರ ಅರ್ಧ ಗಂಟೆ ಕ್ಯಾಸ್ ವಿಟ್ಲೋನ ಜಾಜ್ ತಂಡದ ಮುಂದೆ ನಿಂತು ಇಡೀ ಊರಿನ ಉಸಿರು ಹಿಡಿದು ನಿಲ್ಲಿಸುತ್ತಿದ್ದಳು. ಆ ಹೆಸರು ಅವಳದಲ್ಲ. ಕಾರ್ಯಕ್ರಮ ನಡೆಸುವ ಸೋಪುಪುಡಿ ಕಂಪನಿಯದು. ಲೋಲಾ ಹವಾನಾದಲ್ಲಿ ಹುಟ್ಟಿದಳು, ಅವಳ ಹಾಡಿಗೆ ಇಬ್ಬರು ರಾಜಕುಮಾರರು ಅತ್ತರು, ಒಬ್ಬ ಹಡಗಿನ ಕಪ್ತಾನ ಹಡಗನ್ನೇ ಬಿಟ್ಟ ಎಂದೆಲ್ಲ ಕಂಪನಿಯ ಗುಮಾಸ್ತನೊಬ್ಬ ಪತ್ರಿಕೆಗಳಿಗೆ ಬರೆದು ಕಳಿಸುತ್ತಿದ್ದ. ಮುಖ ಯಾರೂ ನೋಡಿರಲಿಲ್ಲ. ಐಡೆಲ್ಲಾಳಿಗಾಗಿ ಅತ್ತವನು ಇದುವರೆಗೆ ಅವಳ ಗಂಡನೊಬ್ಬನೇ, ಅದೂ ಮನೆ ಬಿಟ್ಟು ಹೋಗುವಾಗ.

"ಇವತ್ತು ಚರ್ಚಿನ ಸ್ತ್ರೀಯರ ದಿನ, ಸಂಜೆ ಮತ್ತೆ ಪ್ರಾರ್ಥನೆ ಇದೆ," ಎಂದಳು ಟಾಲಿವರಮ್ಮ. "ಸರಿಯಾಗಿ ನಾಲ್ಕು ಗಂಟೆಗೆ ಒಬ್ಬಳೇ ನಿಂತು ಹಾಡೋ ಹಾಡು ಇದೆಯಲ್ಲ, ಅದನ್ನ ನೀನು ಹಾಡು. ಕೆಳಗಡೆ ಈ ಅಡುಗೆಮನೇಲಿ ರೇಡಿಯೋ ಹಾಕ್ತೀವಿ. ನೀನು ಮೇಲೆ ಹಾಡ್ತಿರುವಾಗ ಲೋಲಾ ಇಲ್ಲಿ ಹಾಡಿದ್ರೆ ನೀನು ಶುದ್ಧ. ಲೋಲಾ ಬರಲಿಲ್ವೋ, ಕ್ವಾಯರಿನ ನಿಲುವಂಗಿ ಮಡಚಿ ಕೊಟ್ಟು ಹೋಗು."

ಐಡೆಲ್ಲಾಳಿಗೆ ಕೋಪ ನೆತ್ತಿಗೇರಿತು. ಆ ಹಾಡಿಗಾಗಿ ಅವಳು ಹನ್ನೊಂದು ವರ್ಷ ಕಾದಿದ್ದಳು. ಪ್ರತಿ ವರ್ಷ ಅದು ಟಾಲಿವರಮ್ಮನ ಸೋದರ ಸೊಸೆಗೆ ಹೋಗುತ್ತಿತ್ತು, ಆ ಹುಡುಗಿ ಹಾಡಿದರೆ ಬಾಗಿಲ ಕೀಲಿಗೆ ಎಣ್ಣೆ ಹಾಕಬೇಕೆನಿಸುತ್ತಿತ್ತು. ಈಗ ಹಾಡು ಸಿಕ್ಕಿತು, ಬೋನಿನೊಳಗೆ ಇಟ್ಟ ಮಾಂಸದ ಹಾಗೆ.

"ಹಾಡ್ತೀನಿ," ಎಂದಳು. "ರೇಡಿಯೋ ಜೋರಾಗಿ ಹಾಕ್ಕೊಳ್ಳಿ. ಕಿಟಕಿ ನೆಪ ಬೇಡ."

ಹೊರಗೆ ಬಂದವಳೇ ನಲವತ್ತೇಳನೇ ಬೀದಿಗೆ ಓಡಿದಳು. ಅಲ್ಲಿ ಅವಳ ಚಿಕ್ಕಪ್ಪನ ಮಗಳು ಮಿನರ್ವಾಳ ಮನೆ. ಒಂದೇ ಗಂಟಲಿನಿಂದ ಎರಡಾಗಿ ಕತ್ತರಿಸಿ ತೆಗೆದ ಹಾಗೆ ಇಬ್ಬರ ದನಿ. ಮಿನರ್ವಾ ಹುರಿದ ಮೀನಿಗೆ ಖಾರದ ಸಾಸು ಸುರಿದುಕೊಂಡು ತಿನ್ನುತ್ತಿದ್ದಳು.

"ಅಕ್ಕಾ, ನಾನಾ? ರೇಡಿಯೋದಲ್ಲಾ?"

"ನೀನೇ. ಇವತ್ತು ನಾಲ್ಕಕ್ಕೆ ನನ್ನ ಬದಲು ನೀನೇ ಲೋಲಾ. ಮೊದಲು ಆ ಖಾರ ಕೆಳಗಿಡು."

"ಲೋಲಾಳದು ಹಸಿರು ರೇಷ್ಮೆ ಗೌನು ಇದೆಯಲ್ಲ, ಪೇಪರಲ್ಲಿ ಬಂದಿತ್ತು. ಅದನ್ನ ನಾನೇ ಹಾಕ್ಕೋತೀನಿ."

"ರೇಡಿಯೋ ಕಣೇ ಅದು! ಗೋಣಿಚೀಲ ಸುತ್ಕೊಂಡು ಹೋದ್ರೂ ಯಾರಿಗೂ ಕಾಣಲ್ಲ."

"ನನಗೆ ಕಾಣುತ್ತೆ," ಎಂದಳು ಮಿನರ್ವಾ. "ಗೌನಿಲ್ದೆ ನನ್ನ ಬಾಯಿಂದ ದನಿ ಹೊರಡಲ್ಲ."

ಆ ಗೌನು ಗುಮಾಸ್ತನ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಕೊನೆಗೆ ಐಡೆಲ್ಲಾ ಮಿನರ್ವಾಳ ಕಿಟಕಿಯ ಹಸಿರು ಪರದೆ ಬಿಚ್ಚಿ, ಅವಳಿಗೇ ಸುತ್ತಿ, ಸೊಂಟಕ್ಕೆ ಪಿನ್ನು ಚುಚ್ಚಿ, ಟ್ಯಾಕ್ಸಿಯಲ್ಲಿ ಕೂರಿಸಿದಳು. ಪಿನ್ನು ಚುಚ್ಚುತ್ತಲೇ ಪಾಠವನ್ನೂ ಹೇಳಿದಳು: "ತಾಳ ಬಿದ್ದ ಕೂಡ್ಲೇ ಬಾಯಿ ತೆಗೀಬೇಡ. ತಾಳ ಹೋಗ್ಲಿ. ಅದು ಬಾಗಿಲು ದಾಟಿದ ಮೇಲೆ ನೀನು ಏಳು. ಕೇಳೋರು ನಿನಗೆ ಕಾಯ್ಬೇಕು, ನೀನು ಅವರಿಗಲ್ಲ."

"ಕಾಯಿಸೋದು ಮರ್ಯಾದೆ ಅಲ್ಲ ಅಕ್ಕಾ," ಎಂದಳು ಮಿನರ್ವಾ. ಬಿಸಿ ಬಾಚಣಿಗೆಯಿಂದ ಕೂದಲು ನೇರ ಮಾಡುವುದು ಅವಳ ಕಸುಬು. ಒಂದು ಕ್ಷಣ ತಡವಾದರೆ ಗಿರಾಕಿಯ ಕೂದಲೇ ಸುಡುತ್ತದೆ.

ನಾಲ್ಕು ಗಂಟೆ. ಚರ್ಚು ತುಂಬಿತ್ತು. ಕೆಳಗೆ ರೇಡಿಯೋ ಕಾಯಲು ಚರ್ಚಿನ ಆಡಳಿತ ನೋಡುವ ಹಿರಿಯ, ಡೀಕನ್ ಬೆಗ್ಸ್ ಒಬ್ಬನೇ ಸಾಕಾಗಿತ್ತು. ಆದರೆ ಸೈತಾನನ ಸಂಗೀತವನ್ನು ಒಬ್ಬರೇ ಎದುರಿಸುವುದು ಸರಿಯಲ್ಲವೆಂದು ಇನ್ನೂ ಆರು ಮಂದಿ ಡೀಕನರು ಕುರ್ಚಿ ಹೊತ್ತುಕೊಂಡು ಇಳಿದಿದ್ದರು.

ಐಡೆಲ್ಲಾ ಎದ್ದು ನಿಂತಳು. ಪಿಯಾನೋ ಹೇಳಿದಲ್ಲಿ ಸರಿಯಾಗಿ ಶುರುಮಾಡಿ, ಹೇಳಿದಲ್ಲಿ ಸರಿಯಾಗಿ ನಿಲ್ಲಿಸಿದಳು. ಹನ್ನೊಂದು ವರ್ಷ ಕಾದ ಹಾಡನ್ನು ಸೈನಿಕರ ಕವಾಯತಿನ ಹಾಗೆ ಹಾಡಿ ಮುಗಿಸುವಾಗ ಅವಳಿಗೆ ಅಳು ಬಂತು. ಹಾಡಿನ ಭಕ್ತಿಯಿಂದಲ್ಲ, ಹೊಟ್ಟೆ ಉರಿದು.

ಅಷ್ಟರಲ್ಲಿ ಡೀಕನ್ ಬೆಗ್ಸ್ ಮೆಟ್ಟಿಲು ಹತ್ತಿ ಬಂದ. "ಹಾಡಿದಳು! ಲೋಲಾ ಹಾಡಿದಳು! ಸಿಸ್ಟರ್ ಪ್ರೂಯಿಟ್ ನಿರ್ದೋಷಿ!"

ಚರ್ಚೆಲ್ಲ ಚಪ್ಪಾಳೆ. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಬೆಗ್ಸನ ಬಾಯಿಗೆ ಬೀಗ ಹಾಕುವವರು ಯಾರು?

"ಆದ್ರೆ ಏನು ಕೆಟ್ಟದಾಗಿ ಹಾಡಿದಳು ಅಂತೀರಿ! ಟಿಕೇಟಿಗೆ ಮೊಹರು ಒತ್ತೋನ ಹಾಗೆ, ಟಕ್, ಟಕ್, ಟಕ್! ಮಧ್ಯೆ ಒಂದು ಸಲ ಬಿಕ್ಕಳಿಸಿದಳು. ಮೀನು ತಿಂದಿದ್ದಳೋ ಏನೋ."

"ನಾನು ಮೊದಲಿಂದ ಹೇಳ್ತಾ ಇದ್ದೆ," ಇನ್ನೊಬ್ಬ ಡೀಕನ್ ಅಂದ. "ಆ ಹೆಂಗಸಿಗೆ ಹಾಡೋಕೇ ಬರಲ್ಲ. ಎಲ್ಲ ಪೇಪರಿನವರ ಗಾಳಿ."

ಟಾಲಿವರಮ್ಮ ಬಂದು ಐಡೆಲ್ಲಾಳನ್ನು ತಬ್ಬಿಕೊಂಡಳು. "ಕ್ಷಮಿಸೇ ತಾಯಿ. ಅಂಥ ಗಂಟಲು ಹರಕಿ ಜೊತೆ ನಿನ್ನನ್ನ ಸೇರಿಸಿಬಿಟ್ಟೆ. ನೀನು ಅವಳಲ್ಲ ಅಂತ ದೇವರಿಗೆ ಸ್ತೋತ್ರ."

ಐಡೆಲ್ಲಾ ಲಾಂಡ್ರಿಯ ಒಡೆಯನ ಬೈಗುಳ ಸಹಿಸಿದ್ದಳು, ಓಡಿಹೋದ ಗಂಡನನ್ನು ಸಹಿಸಿದ್ದಳು. ಇದನ್ನು ಸಹಿಸಲಾಗಲಿಲ್ಲ. ಟಾಲಿವರಮ್ಮನ ಕೈ ಕಿತ್ತೆಸೆದು ಪೀಠದ ಪಕ್ಕಕ್ಕೆ ನಡೆದಳು.

"ಕೇಳ್ರೀ ಎಲ್ಲರೂ! ಲೋಲಾ ಡೆಲ್ಮಾರ್ ನಾನೇ! ಹದಿಮೂರು ವಾರ ನೀವು ಕಿಟಕಿಗೆ ಕಿವಿ ಹಚ್ಚಿ ಕೇಳಿದ್ದು ನನ್ನನ್ನೇ! ಕೆಳಗೆ ಬಿಕ್ಕಳಿಸಿದ್ದು ನನ್ನ ತಂಗಿ!"

ಟಾಲಿವರಮ್ಮ ಕನಿಕರದಿಂದ ಪಾದ್ರಿಗಳ ಕಡೆ ತಿರುಗಿದಳು. "ಬೆಳಗ್ಗಿಂದ ನಾವು ಕಾಡಿದ್ದು ಜಾಸ್ತಿಯಾಯ್ತು. ಪಾಪ, ತಲೆಗೆ ಹತ್ತಿದೆ. ಯಾರಾದ್ರೂ ನೀರು ಕೊಡಿ."

"ನೀರು ನಿಮ್ಮ ತಲೆಗೆ ಹಾಕ್ಕೊಳ್ಳಿ!" ಎಂದಳು ಐಡೆಲ್ಲಾ. ಪಿಯಾನೋದವನನ್ನು ಬೆಂಚಿನಿಂದ ಸರಿಸಿ, ತಾನೇ ಎರಡು ಕೀಲಿ ಒತ್ತಿ, ಲೋಲಾಳ ಹಾಡು ಹಾಡಿದಳು. ರೈಲು ಹತ್ತಿ ಹೋಗುವವನಿಗೆ, ಹೋಗಯ್ಯ, ನಾನೇನೂ ಕೈ ಬೀಸುವುದಿಲ್ಲ ಎಂದು ಹೆಂಗಸೊಬ್ಬಳು ಹೇಳುವ ಹಾಡು. ತಾಳ ಬಂತು, ಹೋಯಿತು. ಜನ ಮುಂದಕ್ಕೆ ಬಾಗಿ ಕಾದರು. ಅವರ ಉಸಿರು ಇನ್ನೇನು ಕಟ್ಟಿತು ಎನ್ನುವಾಗ ಅವಳು ಬಂದಳು, ಯಾರ ಅಪ್ಪಣೆಯೂ ಬೇಡದವಳ ಹಾಗೆ. ಡೀಕನರು ಏಳೂ ಮಂದಿ ಮೆಟ್ಟಿಲ ಮೇಲೆ ಟೋಪಿ ಕೈಯಲ್ಲಿ ಹಿಡಿದು ಕಲ್ಲಾದರು. ಪಾದ್ರಿಗಳ ಕಾಲು ಪೀಠದ ಹಿಂದೆ ತನ್ನಷ್ಟಕ್ಕೆ ಕುಣಿಯುತ್ತಿತ್ತು. ಟಾಲಿವರಮ್ಮನ ಕಣ್ಣಲ್ಲಿ ನೀರು.

ಹಾಡು ಮುಗಿಯಿತು. ಐಡೆಲ್ಲಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಈಗ ಹೇಳಿ. ಯಾರು ನಾನು?"

"ಅದ್ಭುತ," ಮೂಗು ಒರೆಸಿಕೊಂಡಳು ಟಾಲಿವರಮ್ಮ. "ಥೇಟ್ ಅವಳ ಹಾಗೇ ಅನುಕರಣೆ ಮಾಡ್ತೀಯ! ಅವಳಿಗಿಂತ ಚೆನ್ನಾಗಿ!"

ಐಡೆಲ್ಲಾ ಅವಳ ಕೈ ಹಿಡಿದು ದರದರ ಎಳೆದುಕೊಂಡು ಪಾದ್ರಿಗಳ ಕೋಣೆಗೆ ಹೋಗಿ, ರೇಡಿಯೋ ನಿಲಯಕ್ಕೆ ಟೆಲಿಫೋನು ಮಾಡಿ ಕ್ಯಾಸ್ ವಿಟ್ಲೋನನ್ನು ಕರೆಸಿದಳು.

"ಕ್ಯಾಸ್! ಲೋಲಾ ಯಾರು ಅಂತ ಈ ಅಮ್ಮನಿಗೆ ಹೇಳು."

ಆ ಕಡೆಯಿಂದ ಕ್ಯಾಸ್ ದನಿ ತಗ್ಗಿಸಿದ. "ಐಡೆಲ್ಲಾ, ಕೋಪ ಮಾಡ್ಕೋಬೇಡ. ಸೋಪಿನ ಯಜಮಾನ ಈಗ್ತಾನೆ ಫೋನ್ ಮಾಡಿದ್ದ. ನೀನು ಹಾಡಿದ್ರೆ ಅವನ ಮನೆ ಅಡುಗೆಯವಳು ತಟ್ಟೆ ಹಿಡ್ಕೊಂಡು ನಿಂತುಬಿಡ್ತಾಳಂತೆ. ನೀರು ತಣ್ಣಗಾದ್ರೂ ಕೈ ಆಡಲ್ಲ. ಇವತ್ತು ನಿನ್ನ ತಂಗಿ ತಾಳಕ್ಕೆ ಸರಿಯಾಗಿ ಹಾಡಿದಳು ನೋಡು, ಅವಳೂ ತಾಳಕ್ಕೆ ಸರಿಯಾಗಿ ಉಜ್ಜಿ ಉಜ್ಜಿ, ಹಾಡು ಮುಗಿಯೋದ್ರೊಳಗೆ ಡಬ್ಬಿ ಪುಡಿ ಖಾಲಿ ಮಾಡಿದ್ಲಂತೆ! ಸೋಪು ಖರ್ಚಾಗೋ ಹಾಡು ಅಂದ್ರೆ ಇದು ಅಂದ. ಇನ್ನು ಎರಡು ವರ್ಷಕ್ಕೆ ಮಿನರ್ವಾನೇ ಲೋಲಾ. ಸಹಿ ಆಗಿಹೋಯ್ತು."

ಟಾಲಿವರಮ್ಮ ಟೆಲಿಫೋನು ಕಿತ್ತುಕೊಂಡಳು. "ಯಾರಪ್ಪಾ ನೀನು? ನಿಜ ಹೇಳು, ಲೋಲಾ ಡೆಲ್ಮಾರ್ ಎಲ್ಲಿದಾಳೆ?"

"ಇಲ್ಲೇ ನನ್ನ ಪಕ್ಕದಲ್ಲೇ ನಿಂತಿದಾರಮ್ಮ, ಹಸಿರು ಗೌನು ಹಾಕ್ಕೊಂಡು. ಕೊಡ್ಲಾ?"

ಟಾಲಿವರಮ್ಮನ ಬೆನ್ನು ನೆಟ್ಟಗಾಯಿತು. ದನಿ ಸಕ್ಕರೆಪಾಕವಾಯಿತು. "ಮಿಸ್ ಡೆಲ್ಮಾರ್? ಅಯ್ಯೋ ದೇವರೇ, ನಾನು ಯಾರೋ ಒಬ್ಬಳು... ಹದಿಮೂರು ವಾರ, ಒಂದೂ ತಪ್ಪಿಸಿಲ್ಲ. ನಿಮ್ಮ ಗಂಟಲಿಗೆ ಇವತ್ತು ಏನಾಗಿತ್ತಮ್ಮ? ಜೇನು ಹಾಕಿ ನಿಂಬೆರಸ ಕುಡೀರಿ. ಆಮೇಲೆ... ಸಹಿ ಮಾಡಿದ ಒಂದು ಫೋಟೋ..."

ಐಡೆಲ್ಲಾ ಕ್ವಾಯರಿನ ನಿಲುವಂಗಿ ಬಿಚ್ಚಿ ಪಾದ್ರಿಗಳ ಮೇಜಿನ ಮೇಲೆ ಎಸೆದಳು. "ಇಟ್ಕೊಳ್ಳಿ ನಿಮ್ಮ ಲೋಲಾನ! ನಾನು ಅವಳೂ ಅಲ್ಲ, ಅವಳ ಅನುಕರಣೆನೂ ಅಲ್ಲ. ಐಡೆಲ್ಲಾ ಪ್ರೂಯಿಟ್ ನಾನು! ಇನ್ಮೇಲೆ ಎಲ್ಲಿ ಹಾಡಿದ್ರೂ ಅದೇ ಹೆಸರಲ್ಲಿ, ನನಗೆ ಬೇಕಾದಷ್ಟು ತಡವಾಗಿ ಹಾಡ್ತೀನಿ!"

ಟಾಲಿವರಮ್ಮ ಟೆಲಿಫೋನಿನ ಬಾಯಿಗೆ ಕೈ ಅಡ್ಡ ಹಿಡಿದಳು.

"ನೀನು ಐಡೆಲ್ಲಾ ಅಲ್ಲ ಅಂತ ಇಲ್ಲಿ ಯಾರೇ ಹೇಳಿದ್ರು? ಆದ್ರೆ ಆ ಹೆಸರು ನೋಡಿ ಚರ್ಚಿಗೆ ಯಾರು ಬರ್ತಾರೆ? ಭಾನುವಾರ ನಾಲ್ಕಕ್ಕೆ ಸರಿಯಾಗಿ ಬಾ. ಹೊರಗಡೆ ಬೋರ್ಡಲ್ಲಿ ‘ಥೇಟ್ ಲೋಲಾ ಡೆಲ್ಮಾರ್’ ಅಂತ ಬರೆಸ್ತೀನಿ."