ಟವಲಿನ ಕೆಳಗಿನ ಬೆಲೆ

ಯಾವ ಕಾಯಿಲೆಯೇ ಬಂದು ಹೋಗಲಿ, ಅದು ಊರಿನಲ್ಲಿ ಬಿಟ್ಟುಹೋಗುವುದು ಸ್ವಲ್ಪ ನಿಶ್ಶಕ್ತಿ ಮತ್ತು ವಿಪರೀತ ಅಭಿಪ್ರಾಯ. ನಿಶ್ಶಕ್ತಿ ಎಂಟು ದಿನ ಗಂಜಿ ಕುಡಿದರೆ ಹೋಗುತ್ತದೆ. ಅಭಿಪ್ರಾಯಕ್ಕೆ ಇನ್ನೂ ಔಷಧಿ ಸಿಕ್ಕಿಲ್ಲ. ಪಂಚಾಯ್ತಿ ಸೆಕ್ರೆಟರಿಯಾಗಿ ಕೂದಲು ಹಣ್ಣು ಮಾಡಿಕೊಂಡ ನನಗೆ ಇಂಥ ಪ್ರಸಂಗಗಳು ಒಂದಲ್ಲ ಒಂದು ಎದುರಾಗುತ್ತಲೇ ಇದ್ದವು. ಆದರೆ ಎಂಬತ್ತರ ದಶಕದ ಶುರುವಿನಲ್ಲಿ ಮದ್ರಾಸ್ ಐ ಎಂಬ ಕಣ್ಣುಬೇನೆ ಬಂದು ಹೋದ ಮೇಲೆ ನಡೆದವುಗಳ ಮುಂದೆ ಉಳಿದವೆಲ್ಲ ಸಪ್ಪೆ.

ಆಗ ನಾನಿದ್ದದ್ದು ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆಗೆ ಹೋಗುವಾಗ ಸಿಗುವ ಒಂದು ಊರಿನಲ್ಲಿ. ಪ್ರತಿ ಮಂಗಳವಾರ ಅಲ್ಲಿ ಸಂತೆ. ಒಂದು ಕಡೆ ತರಕಾರಿ, ಇನ್ನೊಂದು ಕಡೆ ದನ. ಕಣ್ಣುಬೇನೆ ದೇಶಕ್ಕೆಲ್ಲ ಹಬ್ಬಿ, ನಮ್ಮೂರಿಗೂ ಬಂದು, ಮನೆಗೆ ನಾಲ್ಕು ಜನ ಕೆಂಪು ಕಣ್ಣು ಬಿಟ್ಟುಕೊಂಡು ಕೂತಾಗ ಪಂಚಾಯ್ತಿಯವರು ಒಂದು ತಿಂಗಳು ಸಂತೆ ನಿಲ್ಲಿಸಿದೆವು. ಬೇನೆ ಇಳಿಯಿತು. ಸಂತೆಯನ್ನು ಮತ್ತೆ ತೆರೆಯುವುದು ಹೇಗೆ ಎಂಬ ಮಾತು ಎದ್ದದ್ದೇ ತಡ, ಇಡೀ ದೇಶದ ಹಣಕಾಸು ಖಾತೆ ನಮ್ಮೂರ ಹೋಟೆಲಿನ ಬೆಂಚಿನ ಮೇಲೆ ಬಂದು ಕೂತಿತು.

ಸಂತೆ ಬೇಗ ತೆರೆಯಲಿ ಎಂಬ ಆಸೆ ನನಗೂ ಇತ್ತು. ನನ್ನ ಹೆಂಡತಿಗೆ ತವರಿನವರು ಕೊಟ್ಟ ಎಮ್ಮೆಯೊಂದು ಮನೆಯಲ್ಲಿತ್ತು. ಅದನ್ನು ಮಾರಿ ಹೊಲಿಗೆ ಯಂತ್ರ ತರಬೇಕೆಂದು ಅವಳು ಎರಡು ವರ್ಷದಿಂದ ಕಾಯುತ್ತಿದ್ದಳು. ಯಂತ್ರಕ್ಕೆ ಏಳುನೂರು ರೂಪಾಯಿ. ನನಗೋ, ಕೋಲಾರದ ಅಂಗಡಿಯೊಂದರಲ್ಲಿ ಕಂಡ ಟ್ರಾನ್ಸಿಸ್ಟರಿನ ಮೇಲೆ ಮನಸ್ಸು. ಅದಕ್ಕೆ ಇನ್ನೂರು. ಈ ಎರಡನೆಯ ಸಂಗತಿ ಅವಳಿಗೆ ಗೊತ್ತಿರಲಿಲ್ಲ.

ಅರ್ಧ ಕೂಲಿ

ಬೆಂಚಿನ ಮೇಲೆ ಮೊದಲು ಬಾಯಿ ಬಿಟ್ಟವರು ಹೆಡ್ ಮೇಷ್ಟ್ರು. "ಕಣ್ಣು ಕೆಂಪಾದ ದಿನಗಳಿಗೂ ಕೂಲಿ ಕೊಡಬೇಕು. ಕಾಯಿಲೆಯನ್ನ ಕೂಲಿಯವನೇನು ಕೇಳಿ ತರಿಸ್ಕೊಂಡನಾ? ಸಮಾಜವಾದ ಅಂದ್ರೆ ಇದೇ," ಎಂದು ಮೇಜು ಕುಟ್ಟಿದರು. ಅವರ ಕಾಫಿ ಚೆಲ್ಲಿತು.

ಹಿಪ್ಪುನೇರಳೆ, ಟೊಮೆಟೊ ಎರಡನ್ನೂ ಬೆಳೆಯುವ ನಮ್ಮ ಛೇರ್ಮನ್ನರಿಗೆ ರೇಗಿತು. "ದುಡಿದೋರಿಗೆ ಕೊಡೋದೇ ಕಷ್ಟ ಆಗೈತೆ, ಮಲಗಿದ್ದೋರಿಗೆ ಎಲ್ಲಿಂದ ತರ್ಲಿ? ನಿಮ್ಮ ಸಮಾಜವಾದ ಸ್ಕೂಲಲ್ಲೇ ಇರ್ಲಿ ಮೇಷ್ಟ್ರೇ, ನಮ್ಮ ತೋಟಕ್ಕೆ ಬಿಡಬೇಡಿ."

ದನದ ಸಂತೆಯ ದಲ್ಲಾಳಿ ಬೀಡಿ ಆರಿಸಿ ಹೇಳಿದ: "ಎರಡೂ ಬ್ಯಾಡ ಸಾಮಿ. ಮೊದ್ಲು ಸಂತೆ ತೆಗೀರಿ. ಕೂಲಿನೂ ಬೆಲೆನೂ ಅವುಗಳ ದಾರಿ ಅವೇ ನೋಡ್ಕೊಂತವೆ."

ಈ ಮಾತೆಲ್ಲ ನಡೆಯುವಾಗ ಮೇಷ್ಟ್ರ ಮನೆಯ ಗೋಡೆ ಕಟ್ಟುತ್ತಿದ್ದ ಆಳು ಹೋಟೆಲಿನ ಬಾಗಿಲಲ್ಲೇ ಕೂತು ಟೀ ಕುಡಿಯುತ್ತಿದ್ದ. ಅದನ್ನು ನಾನು ನೋಡಿದ್ದೆ, ಮೇಷ್ಟ್ರು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಒಂದು ರುಜುವಿಗೆಂದು ಮೇಷ್ಟ್ರ ಮನೆಗೆ ಹೋದೆ. ಆಳು ಜಗಲಿಯ ಮುಂದೆ ನಿಂತಿದ್ದ. ಎಡಗಣ್ಣು ಕೆಂಡ, ನೀರು ಧಾರಾಕಾರ. ಬಲಗಣ್ಣು ಬೆಳ್ಳಗೆ ಮಲ್ಲಿಗೆಯಂತಿತ್ತು. ಬೆರಳುಗಳಿಂದ ಹಸಿಮೆಣಸಿನಕಾಯಿ ಘಾಟು.

"ಬೇನೆ ಬಂದ್ಬಿಟ್ಟೈತೆ ಮೇಷ್ಟ್ರೇ. ಇವತ್ತು ಗೋಡೆ ಕೆಲ್ಸ ಆಗಲ್ಲ. ನಿನ್ನೆ ಹೇಳಿದ್ರಲ್ಲ, ಆ ಕೂಲಿ..."

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಲೇ, ಬೇನೆ ಬಂದ್ರೆ ಎರಡು ಕಣ್ಣಿಗೂ ಬರುತ್ತೆ ಕಣೋ. ಇದೇನೋ ಒಂದೇ ಕಣ್ಣು?"

"ತಮಗೆ ಭಾರ ಆಗ್ಬಾರ್ದು ಅಂತ ಸಾಮಿ. ಅರ್ಧ ಕೂಲಿ ಕೊಡಿ, ಸಾಕು."

ಇಬ್ಬರ ಕನ್ನಡಕ

ಆರೋಗ್ಯ ಕೇಂದ್ರದ ಕಾಂಪೌಂಡರು ಕಪ್ಪು ಕನ್ನಡಕ ಒಳ್ಳೆಯದೆಂದು ಹೇಳಿದ್ದೇ ಛೇರ್ಮನ್ನರಿಗೆ ವೇದವಾಕ್ಯವಾಯಿತು. ತರಕಾರಿ ಸಂತೆ ಮೊದಲು ತೆರೆಯುವುದು, ಕೂಲಿಂಗ್ ಗ್ಲಾಸ್ ಇಲ್ಲದವರನ್ನು ಒಳಗೆ ಬಿಡಕೂಡದು ಎಂದು ತಮಟೆ ಹೊಡೆಸಿದೆವು. ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ಬಾಚಣಿಗೆ ಮಾರುವವನೊಬ್ಬ ಒಂದು ಮೂಟೆ ಗ್ಲಾಸು ಹೊತ್ತು ತಂದ. ಎಲ್ಲವೂ ಒಂದೇ ಅಚ್ಚು. ಊರೆಲ್ಲ ಅದನ್ನೇ ಕೊಂಡಿತು. ನಾನೂ ಎರಡು ಕೊಂಡೆ, ನನಗೊಂದು, ಹೆಂಡತಿಗೊಂದು.

ಆ ಮಂಗಳವಾರದ ಸಂತೆಯನ್ನು ನೋಡಬೇಕಿತ್ತು. ಸೊಪ್ಪು ಮಾರುವ ಮುದುಕಿಯರು, ರಾಗಿ ಅಳೆಯುವ ಗೌಡರು, ಎಲ್ಲರೂ ಸಿನಿಮಾದ ಕಳ್ಳಸಾಗಣೆದಾರರ ಹಾಗೆ ಕಾಣುತ್ತಿದ್ದರು. ಪಕ್ಕದಲ್ಲಿ ಮೇಯುತ್ತಿದ್ದ ಒಂದು ಕರು ತನ್ನ ಯಜಮಾನನನ್ನೇ ಕಂಡು ಬೆದರಿ ಕುರುಡುಮಲೆ ರಸ್ತೆ ಹಿಡಿಯಿತು.

ಛೇರ್ಮನ್ನರ ತೋಟಕ್ಕೆ ಆ ವಾರ ಆಳುಗಳು ಸಾಲದೆ, ಕಾಯಿ ಹಣ್ಣು ಎನ್ನದೆ ಟೊಮೆಟೊ ಎಲ್ಲವನ್ನೂ ಕಿತ್ತು ತುಂಬಿದ್ದರು. ಕಪ್ಪು ಗ್ಲಾಸಿನಲ್ಲಿ ಕೆಂಪೂ ಒಂದೇ, ಹಸಿರೂ ಒಂದೇ. ಆಂಧ್ರದ ಕಡೆಯ ವ್ಯಾಪಾರಿ "ಬಾಗುಂದಿ, ಬಾಗುಂದಿ" ಎಂದು ತೆಲುಗಿನಲ್ಲಿ ಮೆಚ್ಚಿ ಎಲ್ಲವನ್ನೂ ಲಾರಿಗೆ ಏರಿಸಿಕೊಂಡ. ಛೇರ್ಮನ್ನರು ಮೀಸೆ ತಿರುವಿದರು. "ನೋಡಿದ್ರಾ ಮೇಷ್ಟ್ರೇ, ಸರ್ಕಾರ ಕೈ ಹಾಕ್ದಿದ್ರೆ ವ್ಯಾಪಾರ ಎಂಗೆ ನಡೀತದೆ!" ಅದೇ ಖುಷಿಯಲ್ಲಿ, ಮನೆಯ ಸತ್ಯನಾರಾಯಣ ಪೂಜೆಗೆಂದು ಆ ವ್ಯಾಪಾರಿಯ ಲಾರಿಯಿಂದಲೇ ಎರಡು ಬಾಳೆಗೊನೆ ಇಳಿಸಿಕೊಂಡರು.

ಮನೆಯಲ್ಲಿ ಅವರ ತಾಯಿ ಬರಿಗಣ್ಣಿನಲ್ಲಿ ನೋಡಿದರು. ಹಣ್ಣು ಕರ್ರಗೆ ಕೊಳೆತು ಸೋರುತ್ತಿತ್ತು. ಛೇರ್ಮನ್ನರು ಗೊನೆ ಹೊತ್ತುಕೊಂಡೇ ಪಂಚಾಯ್ತಿ ಆಫೀಸಿಗೆ ನುಗ್ಗಿ, "ಮೋಸ! ಹಾಡಹಗಲೇ ಮೋಸ!" ಎಂದು ಕೂಗಾಡಿದರು.

ಮೇಷ್ಟ್ರು ಅಲ್ಲೇ ಪೇಪರ್ ಓದುತ್ತಿದ್ದರು. ತಲೆ ಎತ್ತಲಿಲ್ಲ. "ಒಬ್ಬರು ಕನ್ನಡಕ ಹಾಕ್ಕೊಂಡಿದ್ರೆ ಮೋಸ ಛೇರ್ಮನ್ನರೇ. ಇಬ್ಬರೂ ಹಾಕ್ಕೊಂಡಿದ್ರೆ ಅದು ಮುಕ್ತ ವ್ಯಾಪಾರ."

ಸೋಪು ತಿಂದ ಬೆರಳು

ಇನ್ನು ದನದ ಸಂತೆ. ಅಲ್ಲಿ ಬೆಲೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಮಾರುವವನೂ ದಲ್ಲಾಳಿಯೂ ಕೈಕೈ ಹಿಡಿದು ಮೇಲೊಂದು ಟವಲ್ ಹೊದಿಸುತ್ತಾರೆ. ಒಳಗೆ ಎಷ್ಟು ಬೆರಳು ಹಿಡಿದರೆ ಅಷ್ಟು ನೂರು. ಪಕ್ಕದಲ್ಲಿ ನಿಂತವನಿಗೂ ಬೆಲೆ ತಿಳಿಯದು. ಆದರೆ ಕಣ್ಣುಬೇನೆ ಹರಡುವುದೇ ಕೈಯಿಂದ ಕೈಗೆ ಎಂದು ಕಾಂಪೌಂಡರು ಹೆದರಿಸಿಬಿಟ್ಟರು.

ದಲ್ಲಾಳಿ ಬಿಡುವವನೇ? "ಸೋಪಾಕಿ ಕೈ ತೊಳ್ಕೊಂಡು ವ್ಯಾಪಾರ ಮಾಡ್ತೀವಿ ಸಾಮಿ," ಎಂದು ಬಕೆಟ್ಟು, ಸೋಪು ತಂದೇ ಬಿಟ್ಟ. ಪಂಚಾಯ್ತಿ ಮುಂದೆಯೇ ಪರೀಕ್ಷೆ ನಡೆಯಿತು. ಒಬ್ಬ ರೈತ ಎತ್ತು ಹಿಡಿದು ಬಂದ. ಇಬ್ಬರೂ ಧಾರಾಳವಾಗಿ ಸೋಪು ಹಚ್ಚಿ, ಅವಸರದಲ್ಲಿ ಅರ್ಧಂಬರ್ಧ ತೊಳೆದು, ಟವಲ್ ಹೊದಿಸಿದರು. ಕ್ಷಣದಲ್ಲೇ ಜಗಳ.

"ಐದು ಬೆರಳು ಕೊಟ್ಟೀನಿ!" ಎಂದ ರೈತ.

"ನಾಲ್ಕೇ ಬಂದಿರೋದು!" ಎಂದ ದಲ್ಲಾಳಿ.

"ಐದನೇದು ಎಲ್ಲಿ ಹೋಯ್ತಯ್ಯಾ?" ಎಂದು ಛೇರ್ಮನ್ನರು ಗದರಿದರೆ, ದಲ್ಲಾಳಿ ಟವಲ್ ಕೊಡವಿ ತೋರಿಸಿ, "ಸೋಪು ತಿಂತು ಸಾಮಿ," ಎಂದ.

ನಾನು ತಡಮಾಡಲಿಲ್ಲ. ಇನ್ನು ಮುಂದೆ ದನದ ಬೆಲೆಯನ್ನು ಎಲ್ಲರೆದುರು ಕೂಗಿ ಹೇಳತಕ್ಕದ್ದು ಎಂದು ಠರಾವು ಬರೆದೆ. ನನ್ನ ಜೀವನದಲ್ಲೇ ಅಷ್ಟು ಒಳ್ಳೆಯ ಠರಾವು ಬರೆದಿರಲಿಲ್ಲ ಎಂದು ಬೀಗಿದೆ ಕೂಡ.

ದಲ್ಲಾಳಿ ನನ್ನನ್ನು ಮೂಲೆಗೆ ಕರೆದ. "ನನ್ನ ಹೊಟ್ಟೆಪಾಡು ಹೋಗ್ಲಿ ಬಿಡಿ. ಟವಲ್ ತೆಗೆದ್ರೆ ಊರಲ್ಲಿ ಎಷ್ಟು ಸಂಸಾರ ಬೀದಿಗೆ ಬರ್ತವೆ ಗೊತ್ತಾ ಸಾಮಿ? ಗಂಡನಿಗೆ ಸಿಕ್ಕಿದ ಬೆಲೆ ಬೇರೆ, ಮನೇಲಿ ಹೇಳೋ ಬೆಲೆ ಬೇರೆ. ಎರಡರ ಮಧ್ಯೆ ನಿಂತಿರೋದು ಈ ಟವಲ್ಲೇಯ."

ಆ ಮಾತಿಗೆ ಛೇರ್ಮನ್ನರಿಗೆ ಕೆಮ್ಮು ಬಂತು. ಮೆಂಬರುಗಳಿಗೂ ಬಂತು. ಅಲ್ಲಿ ಕೆಮ್ಮದೇ ಇದ್ದವರು ಮೇಷ್ಟ್ರೊಬ್ಬರೇ, ಅವರಿಗೆ ಮದುವೆಯಾಗಿರಲಿಲ್ಲ.

ಎಮ್ಮೆ

ಠರಾವಿನ ಸುದ್ದಿ ಬಾವಿಕಟ್ಟೆಗೆ ಹೋಯಿತು. ಹೆಂಗಸರು ನನ್ನನ್ನು ಕಂಡರೆ ನಗುತ್ತಿದ್ದರು, ಗಂಡಸರು ಮುಖ ತಿರುಗಿಸುತ್ತಿದ್ದರು. ನಾನು ಹೆದರಲಿಲ್ಲ. ದನದ ಸಂತೆಗೆ ನಮ್ಮ ಮನೆಯ ಹೆಂಗಸರು ಬರುವ ರೂಢಿಯೇ ಇಲ್ಲವಲ್ಲ! ಹೊರಡುವ ಹೊತ್ತಿಗೆ ಹೆಂಡತಿಯೇ, "ನನಗ್ಯಾಕೋ ಕಣ್ಣುರಿ ರೀ, ಗ್ಲಾಸ್ ಹಾಕ್ಕೊಂಡು ಮಲಗಿರ್ತೀನಿ. ಏಳುನೂರಕ್ಕೆ ಒಂದು ರೂಪಾಯಿ ಕಮ್ಮಿ ಆದ್ರೂ ಎಮ್ಮೆ ಕೊಡಬೇಡಿ," ಎಂದಾಗ ನನಗೆ ಒಳಗೊಳಗೇ ಸಮಾಧಾನವಾಯಿತು. ಹೇಳಲು ನಾಚಿಕೆ, ಆದರೂ ಆದದ್ದು ಅದೇ.

ಠರಾವು ಬರೆದವನ ಎಮ್ಮೆಯೇ ಮೊದಲ ಕೂಗಿಗೆ ನಿಂತಿತು. ರಾಯಲ್ಪಾಡಿನ ಕಡೆಯವನೊಬ್ಬ "ಐನೂರು" ಎಂದ. ಅದರ ಮೇಲೆ ಯಾರೂ ಏರಿಸಲಿಲ್ಲ.

ಆಗ ಜನರ ನಡುವಿನಿಂದ ಒಂದು ಮುದುಕಿಯ ಗಂಟಲು ಎದ್ದಿತು: "ಆರುನೂರ್ಲು!" ನೋಡಿದೆ. ತಲೆತುಂಬ ಸೆರಗು, ಕಣ್ಣಿಗೆ ಕೂಲಿಂಗ್ ಗ್ಲಾಸು. ಬೆನ್ನ ಹಿಂದೆ ಅಂಥದೇ ಸೆರಗು, ಅಂಥದೇ ಗ್ಲಾಸಿನ ಇನ್ನೊಬ್ಬ ಹೆಂಗಸು. ಆಂಧ್ರದ ಗಡಿಯಿಂದ ಹಾಲಿನ ಎಮ್ಮೆ ಹುಡುಕಿ ಬಂದವರಿರಬೇಕು ಎಂದುಕೊಂಡೆ.

ರಾಯಲ್ಪಾಡಿನವನು ಆರೂವರೆ ಎಂದ. ಹಿಂದಿನವಳು ಮುದುಕಿಯ ಬೆನ್ನು ತಿವಿದಳು. "ಏಡುನೂರ್ಲು!" ಏಳುನೂರು. ಅವನು ಏಳೂವರೆ ಎಂದ. ಮತ್ತೆ ತಿವಿತ. "ಏಡುನ್ನರ ಪೈನ ಇಂಕೋ ಇರವೈ!" ಎಂದು ಮುದುಕಿ ಇನ್ನೂ ಇಪ್ಪತ್ತು ಏರಿಸಿದಳು. ಅವನಿಗೆ ಹಟ ಬಂದು "ಎಂಟುನೂರು!" ಎಂದು ಟವಲನ್ನೇ ನೆಲಕ್ಕೆ ಬಡಿದ. ಮುದುಕಿ ಥಟ್ಟನೆ ಬಾಯಿ ಮುಚ್ಚಿದಳು. ನಾನು ನೋಟು ಎಣಿಸಿಕೊಂಡು ತಲೆ ಎತ್ತುವಷ್ಟರಲ್ಲಿ ಇಬ್ಬರೂ ಮಾಯ.

ದಲ್ಲಾಳಿ ನನ್ನ ಮುಖ ನೋಡಿ, "ಕೂಗು ವ್ಯಾಪಾರ ಬಲು ಚೆಂದ ಸಾಮಿ," ಎಂದು ಹಲ್ಲು ಬಿಟ್ಟ. ಯಾಕೆ ಹಲ್ಲು ಬಿಟ್ಟನೆಂದು ಆಗ ತಿಳಿಯಲಿಲ್ಲ.

ಇನ್ನೂರನ್ನು ಒಳಜೇಬಿಗೆ ಇಳಿಸಿ, ಆರುನೂರನ್ನು ಕೈಯಲ್ಲಿ ಹಿಡಿದು, ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದೆ. ಹೆಂಡತಿ ಚಾಪೆಯ ಮೇಲೆ ಗ್ಲಾಸ್ ಹಾಕಿಕೊಂಡು ಮಲಗಿದ್ದಳು.

"ಬೇನೆ ಬಂದ ಮೇಲೆ ಮಾರ್ಕೆಟ್ಟೇ ಬಿದ್ದು ಹೋಗಿದೆ ಕಣೇ," ಎಂದೆ. "ಆರುನೂರಕ್ಕೆ ಕೊಟ್ಟುಬಿಟ್ಟೆ. ಅದೂ ಯಾರೋ ಪುಣ್ಯಾತ್ಗಿತ್ತಿ ಮುದುಕಿ ಏರಿಸಿದ್ದಕ್ಕೆ, ಇಲ್ಲದಿದ್ರೆ ಐನೂರೇ. ಯಂತ್ರ ಮುಂದಿನ ವರ್ಷ ನೋಡೋಣ."

ಅಡುಗೆಮನೆಯಿಂದ ಕಾಫಿ ಲೋಟ ಹಿಡಿದು ಒಬ್ಬರು ಹೊರಗೆ ಬಂದರು. ತಲೆತುಂಬ ಸೆರಗು, ಕಣ್ಣಿಗೆ ಕೂಲಿಂಗ್ ಗ್ಲಾಸು.

"ಗುರುತು ಸಿಗಲಿಲ್ವಾ ಅಳಿಯಂದ್ರೇ? ನಿಮ್ಮ ಮದುವೇಲಿ ನೋಡಿದ್ದು, ಆಮೇಲೆ ಎಲ್ಲಿ ಸಿಕ್ಕಿದ್ರಿ! ನಾನು ಇವಳ ಚಿಕ್ಕಮ್ಮ," ಎಂದು ಲೋಟ ನನ್ನ ಕೈಗಿತ್ತರು. "ಕೂಗಿ ಕೂಗಿ ಗಂಟಲು ಹೋಯ್ತು ನೋಡಿ."

ಕಾಫಿ ಬಿಸಿಯಿತ್ತೋ ತಣ್ಣಗಿತ್ತೋ ನೆನಪಿಲ್ಲ. ಹೆಂಡತಿ ಎದ್ದು ಕೂತು, ಗ್ಲಾಸ್ ತೆಗೆದಳು. ಕಣ್ಣು ಎಳ್ಳಷ್ಟೂ ಕೆಂಪಗಿರಲಿಲ್ಲ. ಗೂಟದ ಮೇಲಿದ್ದ ಟವಲನ್ನು ಎಳೆದು ನನ್ನ ಕೈ ಮೇಲೆ ಹೊದಿಸಿ, ಶಾಂತವಾಗಿ ಕೇಳಿದಳು:

"ಮಿಕ್ಕ ಇನ್ನೂರು ಇದರ ಕೆಳಗೆ ಕೊಡ್ತೀರೋ, ಇಲ್ಲ ನಿಮ್ಮ ಠರಾವಿನ ಪ್ರಕಾರ ಬೀದಿಯಲ್ಲಿ ನಿಂತು ಕೂಗಿ ಕೊಡ್ತೀರೋ?"