ಅಕ್ಕನಿಗಾಗಿ ಕಾಯಿಸಿದ ನೀರು

ಡಿಸೆಂಬರ್ ಏಳು, ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಬ್ಯಾಡಗಿಯ ನಮ್ಮ ಮನೆಯ ಹಿತ್ತಲಲ್ಲಿ, ನಾನೇ ಮಾಡಿಸಿದ ಕಟ್ಟಿಗೆಯ ಬಾಯ್ಲರಿಗೆ ಮೊದಲ ಸಲ ಬೆಂಕಿ ಹಾಕಿದ ಹೊತ್ತು ಅದು. ಮನೆಯಲ್ಲಿ ಒಬ್ಬರಿಗೆ ಉಪಕಾರ ಮಾಡಲು ಹೊರಟವನು ಆ ಮನೆಯಲ್ಲಿ ಒಟ್ಟು ಎಷ್ಟು ಜನ ಇದ್ದಾರೆಂದು ಮೊದಲು ಎಣಿಸಿಕೊಳ್ಳಬೇಕು. ಎಲ್ಲವನ್ನೂ ಎಣಿಸಿ ಬರೆದಿಡುವ ನಾನು ಅದೊಂದನ್ನು ಎಣಿಸಲಿಲ್ಲ.

ಎಣಿಸುವುದು ನನ್ನ ಹೊಟ್ಟೆಪಾಡೂ ಹೌದು. ಕೋಲ್ಡ್ ಸ್ಟೋರೇಜಿನಲ್ಲಿ ಎರಡು ತಾಸಿಗೊಮ್ಮೆ ಪ್ರತಿ ಕೋಣೆಯ ಉಷ್ಣತೆ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಸಾವಿರಾರು ಚೀಲ ಮೆಣಸಿನಕಾಯಿಯನ್ನು ತಣ್ಣಗಿಡುವವನಿಗೆ ಒಬ್ಬ ಬಾಣಂತಿಯನ್ನು ಬೆಚ್ಚಗಿಡುವುದು ಯಾವ ದೊಡ್ಡ ಮಾತು ಅನ್ನಿಸಿತ್ತು. ಅಕ್ಕ ಚೊಚ್ಚಲ ಹೆರಿಗೆಗೆಂದು ರಾಣೇಬೆನ್ನೂರಿನ ಗಂಡನ ಮನೆಯಿಂದ ಬಂದಿದ್ದಳು. ಹೆಣ್ಣುಮಗು. ಬಾಣಂತಿಗೆ ದಿನಾ ಹತ್ತು ಗಂಟೆಗೆ ಎಣ್ಣೆ ಹಚ್ಚಿ, ಮೈ ತಡೆಯುವಷ್ಟು ಬಿಸಿಯ ನಾಲ್ಕು ಬಕೆಟ್ ನೀರು ಎರೆಯಬೇಕು. ಮಾಳಿಗೆಯ ಮೇಲಿನ ಸೋಲಾರು ಮಂಜು ಬಿದ್ದ ದಿನ ಎರಡು ಬಕೆಟ್ ಉಗುರುಬೆಚ್ಚಗಿನ ನೀರು ಕೊಟ್ಟು ಸುಮ್ಮನಾಗುತ್ತಿತ್ತು. ಉಳಿದದ್ದನ್ನು ಅವ್ವ ಗ್ಯಾಸಿನ ಮೇಲೆ ಕುದಿಸಿ, ಪಾತ್ರೆ ಹೊತ್ತು ಬಚ್ಚಲಿಗೆ ಒಯ್ಯುವಾಗ ಮುಂಗೈ ಸುಟ್ಟುಕೊಂಡಳು. ಅವತ್ತೇ ಬಾಯ್ಲರಿನ ನಿರ್ಧಾರ ಮಾಡಿದೆ.

ನಕಾಶೆ ಬರೆಯಲು ಮೂರು ದಿನ ಹಿಡಿಯಿತು. ಮೋಟೆಬೆನ್ನೂರಿನ ವೆಲ್ಡಿಂಗ್ ಅಂಗಡಿಯವನ ಮುಂದೆ ನಾಲ್ಕು ಹಾಳೆ ಹರವಿ, ನಡುವೆ ಕಬ್ಬಿಣದ ಪೈಪು, ಅದರ ಸುತ್ತ ಅರವತ್ತು ಲೀಟರ್ ನೀರು ಹಿಡಿಯುವ ಡ್ರಮ್ಮು, ಕೆಳಗೆ ಬೆಂಕಿ, ಹೊಗೆ ಪೈಪಿನೊಳಗೆ ಏರುತ್ತ ನೀರು ಕಾಯಿಸುತ್ತದೆ ಎಂದು ವಿವರಿಸಿದೆ. ಆತ ಪೂರಾ ಕೇಳಿಸಿಕೊಂಡ.

"ಬಂಬಾ ಅನ್ರಿ, ಸಾಕು," ಅಂದ. "ನಮ್ಮ ಆಯಿ ಮನ್ಯಾಗ ತಾಂಬ್ರದ್ದಿತ್ತು. ಇಷ್ಟು ಹಾಳಿ ಯಾಕ ಹಾಳ ಮಾಡೀರಿ?"

ಹಾಗೆ ನಾನು ಬಂಬವನ್ನು ಎರಡನೆಯ ಸಲ ಕಂಡುಹಿಡಿದೆ. ಆದರೂ ಮೊದಲ ದಿನದ ದಾಖಲೆ ಚೆನ್ನಾಗಿದೆ: ಕಾಳು ಬಿಡಿಸಿದ ಗೋವಿನಜೋಳದ ಬೆಂಡು ಎರಡು ಬುಟ್ಟಿ, ನಲವತ್ತೆರಡು ನಿಮಿಷ, ನೀರು ಕೈಯಿಟ್ಟರೆ ಚುರ್ ಅನ್ನುವಷ್ಟು ಬಿಸಿ. ಮುಚ್ಚಿಟ್ಟ ಕೆಂಡದ ಮೇಲೆ ಹತ್ತು ಗಂಟೆಯವರೆಗೂ ಕಾವು ಇಳಿಯಲಿಲ್ಲ. ಅವ್ವ ಎರೆದು ಮುಗಿಸಿದ ಮೇಲೆ ಅಕ್ಕ ಕಂಬಳಿ ಹೊದ್ದು ಮಲಗಿದಳು. ಹಣೆಯ ಮೇಲೆ ಬೆವರು. "ತಮ್ಮಾ, ಇವತ್ತ ಈ ಮೈ ನಂದು ಅನಿಸ್ತು ನೋಡು," ಅಂದಳು. ಅದನ್ನೂ ಬರೆದಿಟ್ಟಿದ್ದೇನೆ.

ಎರಡನೆಯ ದಿನ ನಮ್ಮ ಜೊತೆಗೇ ಇರುವ ಕಾಕಾ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹಿತ್ತಲಿಗೆ ಬಂದರು. ಅದುವರೆಗೆ ಚಳಿಗಾಲದಲ್ಲಿ ತಣ್ಣೀರು ಜಳಕವೇ ಆರೋಗ್ಯ ಎಂದು ಓಣಿಗೆಲ್ಲ ಹೇಳುತ್ತಿದ್ದವರು ಅವರು.

"ಒಂದ ಬಕೆಟ್ ತೊಗೊಂಡ್ರ ಬಾಣಂತಿಗೇನ ಕಡಿಮಿ ಆಕ್ಕೈತೇನಲೇ? ತೊಗೊಂಡಷ್ಟು ತಣ್ಣೀರು ಹಾಕೇ ಹೊಕ್ಕೇನಿ."

ಮೂರನೆಯ ದಿನ ಅಪ್ಪ. ಮೊಣಕಾಲು ನೋವಂತೆ. ಜಗಳ ಬೇಡವೆಂದು ನಾನೇ ಬಚ್ಚಲ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದೆ: ಒಂದು ತೆಗೆದರೆ ಒಂದು ಹಾಕಿ. ಮಾಲು ಹೋದಷ್ಟು ಮಾಲು ಬಂದರೆ ರಿಜಿಸ್ಟರು ಸರಿ ಇರುತ್ತದೆ, ಇದು ನನ್ನ ನೌಕರಿ ಕಲಿಸಿದ ನ್ಯಾಯ. ಎಲ್ಲರೂ ಆ ನಿಯಮವನ್ನು ಅತ್ಯಂತ ಪ್ರಾಮಾಣಿಕವಾಗಿ ಪಾಲಿಸಿದರು. ಹತ್ತು ಗಂಟೆಗೆ ನೋಡಿದರೆ ಡ್ರಮ್ಮು ಸದಾ ತುಂಬಿಯೇ ಇರುತ್ತಿತ್ತು. ಒಂದು ತಂಬಿಗೆ ನೀರನ್ನೂ ಯಾರೂ ಕದ್ದಿರಲಿಲ್ಲ. ಬಿಸಿ ಮಾತ್ರ ಇರಲಿಲ್ಲ.

ಅವ್ವ ಬೆರಳು ಅದ್ದಿ ನೋಡಿ, "ಇದರಾಗ ಎಮ್ಮಿ ಮೈ ತೊಳೀಬಹುದು, ಬಾಣಂತಿಗೆ ಎರಿಯಾಕ ಬರಂಗಿಲ್ಲ," ಅನ್ನುತ್ತಿದ್ದಳು. ಮತ್ತೆ ಬೆಂಕಿ ಹಾಕಲು ಕೂತರೆ ಅಷ್ಟರಲ್ಲಿ ಮಗು ಎದ್ದು ಅಳುತ್ತಿತ್ತು. "ಇರ್ಲಿ ಬಿಡಬೇ," ಎಂದು ಅಕ್ಕ ಇದ್ದ ನೀರನ್ನೇ ಹೊಯ್ದುಕೊಂಡು ನಡುಗುತ್ತ ಒಳಗೆ ಬರುತ್ತಿದ್ದಳು. ನಾಲ್ಕನೆಯ ವಾರಕ್ಕೆ ಕೆಮ್ಮು ಹಿಡಿಯಿತು. ಐದು ತಿಂಗಳು ಇರಬೇಕಾದವಳು, ಜನವರಿ ನಾಲ್ಕಕ್ಕೆ ಗಂಡನಿಗೆ ಫೋನು ಮಾಡಿ ಕಾರು ತರಿಸಿದಳು. ಬಾಣಂತನ ಅರ್ಧಕ್ಕೇ ಬಿಟ್ಟು ಮಗಳು ಹೊರಟಳೆಂದು ಅವ್ವ ಅಡುಗೆಮನೆಯಿಂದ ಹೊರಗೇ ಬರಲಿಲ್ಲ.

"ಅಲ್ಲಿ ಗೀಸರ್ ಐತೆಂತ ಹೊಂಟೀಯೇನು?" ಎಂದು ಕೇಳಿದೆ, ಸ್ವಲ್ಪ ಸಿಟ್ಟಿನಿಂದಲೇ.

"ಗೀಸರ್ ಇರ್ಲಿ ಬಿಡು. ಅಲ್ಲಿ ನನ್ನ ಪಾಳಿ ಯಾವಾಗ ಅಂತ ನನಗ ಗೊತ್ತೈತಿ."

ತಪ್ಪು ಯಾರದೆಂದು ತೋರಿಸಲು ನನ್ನ ವಹಿ ತಂದು ಅವಳ ಮುಂದೆ ತೆರೆದೆ. ಇಪ್ಪತ್ತೊಂಬತ್ತು ದಿನ, ಯಾರು ಎಷ್ಟು ಬಕೆಟ್, ಎಲ್ಲ ಅದರಲ್ಲಿತ್ತು. ಅಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆರಳಿಟ್ಟು ಓದಿದಳು.

"ಕಾಕಾ ಇಪ್ಪತ್ತೆಂಟು. ಅಪ್ಪಾ ಇಪ್ಪತ್ತೇಳು. ಇಲ್ಲಿ 'ಪರೀಕ್ಷೆ' ಅಂತ ಬರದೀಯಲ್ಲ, ಅಂವ ಯಾರೋ? ಐವತ್ತಾರು ಬಕೆಟ್ ಹೊಯ್ಕೊಂಡಾನ!"

ಎರಡನೆಯ ದಿನದಿಂದ ದಿನಾ ಎಲ್ಲರಿಗಿಂತ ಮೊದಲು ನಾನು ಎರಡು ಬಕೆಟ್ ತೆಗೆದು ಥರ್ಮಾಮೀಟರು ಇಟ್ಟು ನೋಡುತ್ತಿದ್ದೆ. ಅಂಕಿ ಬರೆದುಕೊಂಡ ಮೇಲೆ ಅಷ್ಟು ಬಿಸಿನೀರನ್ನು ಚೆಲ್ಲಲು ಮನಸ್ಸು ಬರುತ್ತಿರಲಿಲ್ಲ. ಜಳಕ ಮಾಡಿ, ನಿಯಮದ ಪ್ರಕಾರ ಎರಡು ಬಕೆಟ್ ತಣ್ಣೀರು ಸುರಿದು ಕೆಲಸಕ್ಕೆ ಹೋಗುತ್ತಿದ್ದೆ. ಡ್ರಮ್ಮಿನಲ್ಲಿ ಹಿಡಿಯುವುದು ನಾಲ್ಕೇ ಬಕೆಟ್. ವಹಿ ಮುಚ್ಚಿಟ್ಟೆ. ಕಾರಿನವರೆಗೂ ಮಗುವಿನ ಬಟ್ಟೆಯ ಬುಟ್ಟಿ ಹೊತ್ತುಕೊಟ್ಟೆ.

ಅವಳು ಹೋದ ಮೇಲೂ ಬಾಯ್ಲರು ದಿನಾ ಉರಿಯುತ್ತಿದೆ. ಈಗ ಹತ್ತು ಗಂಟೆಗೆ ಯಾರಿಗೂ ನೀರು ಬೇಕಾಗಿಲ್ಲವಾದ್ದರಿಂದ ದೂರೂ ಇಲ್ಲ. ಇದನ್ನು ಓದುವವರಲ್ಲಿ ಈ ವಿಷಯ ನನಗಿಂತ ಹೆಚ್ಚು ಬಲ್ಲವರಿದ್ದರೆ ದಯವಿಟ್ಟು ಪತ್ರ ಬರೆಯಿರಿ. ಪೈಪಿನ ಅಳತೆ, ಬೆಂಡಿನ ತೂಕ ಬೇಡ, ಅವು ನನ್ನಲ್ಲಿವೆ. ನೀರು ಕಾಯಿಸಿದವನು ಕೊನೆಗೆ ಜಳಕ ಮಾಡುವ ಮನೆ ನಿಮ್ಮ ಕಡೆ ಎಲ್ಲಾದರೂ ಇದ್ದರೆ, ಅವನು ಅದನ್ನು ಹೇಗೆ ರೂಢಿ ಮಾಡಿಕೊಂಡ ಎಂಬುದಷ್ಟೇ ಬೇಕಾಗಿದೆ.