ನೂರು ಟಕ್ಕೆ

ಮ್ಯಾನೇಜರ್ ಶಂಕ್ರೆಪ್ಪನವರು ಕಂಪ್ಯೂಟರಿನ ಸ್ವಿಚ್ ಆರಿಸಿದರು. ಆ ದಿನ ಅದು ಎರಡನೆಯ ಸಲ.

"ಸರ್, ಅದು ನಡದಿತ್ತರಿ!" ಪ್ರಲ್ಹಾದ ಓಡಿ ಬಂದ.

"ಎಲ್ಲಿ ನಡದಿತ್ತು? ಕರೀ ಪರದೆ, ಒಂದಕ್ಷರ ಅಲುಗವಲ್ದು. ಸತ್ತದ ಅಂತ ತಿಳದ್ನೆಪಾ. ಸುಮ್ನ ಕರೆಂಟ್ ಯಾಕ ಸುಡೂದು?"

ಪುಣೆಯ ಕೋಥರೂಡದ ಆ ಲಾರಿ ಆಫೀಸಿನ ತಿಂಗಳ ಬಿಲ್ಲುಗಳನ್ನು ಪ್ರಲ್ಹಾದ ಬರೆದ ಪ್ರೋಗ್ರಾಮು ತಯಾರಿಸುತ್ತಿತ್ತು. ನಡುವೆ ನಿಂತರೆ ಮತ್ತೆ ಮೊದಲಿನಿಂದ. ಮುಗಿಯುವವರೆಗೆ ಅವನು ಆಫೀಸು ಬಿಡುವಂತಿರಲಿಲ್ಲ. ಇವತ್ತೇ ಸಂಜೆ ಟೈಪಿಸ್ಟ್ ಉಮಾವತಿಬಾಯಿ ಆಫೀಸಿನವರನ್ನೆಲ್ಲ ಹೋಳಿಗೆ ಊಟಕ್ಕೆ ಕರೆದಿದ್ದರು. ಪುಣೆಗೆ ಬಂದ ಮೇಲೆ ಪ್ರಲ್ಹಾದನನ್ನು ಯಾರಾದರೂ ಮನೆಗೆ ಕರೆದದ್ದು ಇದೇ ಮೊದಲು. ದಿನಾಲು ಅವನು ಹೋಟೆಲಿನ ಮೂಲೆಯಲ್ಲಿ ಉಣ್ಣುತ್ತಿದ್ದ. ಎದುರಿನ ಕುರ್ಚಿಯನ್ನು ಯಾರಾದರೂ "ಖಾಲಿ ಆಹೇ ಕಾ?" ಎಂದು ಮರಾಠಿಯಲ್ಲಿ ಕೇಳಿ ಎತ್ತಿಕೊಂಡು ಹೋಗುತ್ತಿದ್ದರು.

ಮತ್ತೆ ಶುರು ಮಾಡುವ ಮೊದಲು ಅವನು ಪ್ರೋಗ್ರಾಮಿಗೆ ಕೆಲವು ಸಾಲು ಸೇರಿಸಿದ. ಕೆಲಸ ನೂರಕ್ಕೆ ಎಷ್ಟು ಪಾಲು, ಅಂದರೆ ಎಷ್ಟು ಟಕ್ಕೆ ಆಯಿತೆಂದು ಪರದೆಯ ಮೇಲೆ ಅಂಕೆ ಏರತೊಡಗಿತು.

ಇಡೀ ಆಫೀಸು ಕ್ರಿಕೆಟ್ ಸ್ಕೋರಿಗೆ ನೆರೆದಂತೆ ಸುತ್ತ ನೆರೆಯಿತು.

"ನಲವತ್ತು!" ಕ್ಲಾರ್ಕ್ ಏಕನಾಥ ಕೂಗಿದ. "ಹೊಡೀರಿ, ಹೊಡೀರಿ!"

"ಎಪ್ಪತ್ತಕ್ಕ ಯಾಕ ನಿಂತತು?"

"ಭಾಳ ದೊಡ್ಡ ಗಿರಾಕಿ ಬಂದಾನ್ರಿ," ಎಂದ ಪ್ರಲ್ಹಾದ. ಎಲ್ಲರೂ ನಕ್ಕರು. ತನ್ನ ಮಾತಿಗೆ ಜನ ನಕ್ಕದ್ದು ಅವನಿಗೇ ಹೊಸದು.

ಉಮಾವತಿಬಾಯಿ ಹಾಲು ಉಕ್ಕುವುದನ್ನು ಕಾಯುವವರಂತೆ ಬಾಗಿ ನಿಂತಿದ್ದರು. ತೊಂಬತ್ತೊಂಬತ್ತು ಬಂದಾಗ ಪ್ರಲ್ಹಾದ ಮುಖ ತೊಳೆದು ಕೂದಲು ಬಾಚಿಕೊಳ್ಳಲು ಹೋದ.

"ನೂರು!" ಎಂಬ ಕೂಗು ಬಚ್ಚಲಿಗೇ ಕೇಳಿಸಿತು. ಒದ್ದೆ ಮುಖದಲ್ಲೇ ಓಡಿ ಬಂದರೆ ಪರದೆ ಕಪ್ಪಾಗಿತ್ತು.

"ನೂರಾತಲ್ಲಪಾ, ನಾನ ಆರಿಸಿದೆ," ಎಂದರು ಶಂಕ್ರೆಪ್ಪ, ಕೈ ಒರೆಸಿಕೊಳ್ಳುತ್ತ.

ಬಿಲ್ಲು ಒಂದೂ ಇರಲಿಲ್ಲ. ಆಗಿದ್ದದ್ದು ತೊಂಬತ್ತೊಂಬತ್ತೂವರೆ. ಅರ್ಧವಾದರೆ ಮುಂದಿನ ಅಂಕೆ ತೋರಿಸು ಎಂದು ಬರೆದವನು ಸ್ವತಃ ಪ್ರಲ್ಹಾದ.

"ಇರ್ಲಿ, ನೀವು ಮುಗಿಸಿಕೊಂಡ ಬರ್ರಿ," ಎಂದರು ಉಮಾವತಿಬಾಯಿ. ಕೆಳಗೆ ಸ್ಕೂಟರುಗಳು ಒಂದರ ಹಿಂದೊಂದು ಹೊರಟವು.

ಮತ್ತೆ ಸೊನ್ನೆಯಿಂದ ಏರಿದ ಅಂಕೆ ಅರವತ್ತಕ್ಕೆ ಬಂದಾಗ ಫೋನು ಬಡಿದುಕೊಂಡಿತು.

"ಎಷ್ಟಾತ್ರಿ ಪ್ರಲ್ಹಾದ?" ಉಮಾವತಿಬಾಯಿ. ಹಿಂದೆ ತಾಟುಗಳ ಸಪ್ಪಳ, ಏಕನಾಥನ ನಗೆ.

"ಅರವತ್ತು ಟಕ್ಕೆ ಆತ್ರಿ ಬಾಯಿ. ಇನ್ನೇನು ಬಂದೆ."

"ಗಡಬಡ ಮಾಡಬ್ಯಾಡ್ರಿ, ಸಾವಕಾಶ ಮುಗಸ್ರಿ. ಇಲ್ಲೆ ಹೋಳಿಗಿ ತೊಂಬತ್ತೆಂಟು ಟಕ್ಕೆ ಖಾಲಿ ಆಗ್ಯಾವ!"

ಆ ಕಡೆ ಎಲ್ಲರೂ ಹೋ ಎಂದು ನಕ್ಕರು. ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಪ್ರಲ್ಹಾದನೂ ನಕ್ಕ.

ಉಳಿದ ಎರಡು ಟಕ್ಕೆ ಹೋಳಿಗೆಯನ್ನು ಎತ್ತಿಡಲೇನು ಎಂದು ಆಕೆ ಕೇಳಲಿಲ್ಲ. ಎತ್ತಿಡಿ ಎನ್ನಲು ಅವನಿಗೂ ಬಾಯಿ ಬರಲಿಲ್ಲ.